ಬಾಣಂತಿ ಕೋಣೆಯ ರಾಚಪ್ಪನವರು

ಆಗೆಲ್ಲ ನಮ್ಮೂರಿಗೆ ಸ್ವಾತಂತ್ರ್ಯ ವರ್ಷಕ್ಕೊಮ್ಮೆ ಬರುತ್ತಿತ್ತು, ಅದೂ ಸಿಂದಗಿಯಿಂದ ಜೀಪಿನಲ್ಲಿ. ಆಗಸ್ಟ್ ತಿಂಗಳಲ್ಲಿ ನಮ್ಮ ಎರೆಮಣ್ಣಿನ ಹಾದಿ ಯಾವ ಗಾಲಿಯನ್ನೂ ಸುಲಭವಾಗಿ ಬಿಡುತ್ತಿರಲಿಲ್ಲ. ಹಳ್ಳದ ದಂಡೆಯಲ್ಲಿ ಜೀಪು ಹೂತುಕೊಳ್ಳುತ್ತಿತ್ತು, ಊರಿನವರು ಎತ್ತು ಹೂಡಿ ಎಳೆದು ತರುತ್ತಿದ್ದರು. ಎತ್ತಿನ ಹಿಂದೆ ಜೀಪು, ಜೀಪಿನಲ್ಲಿ ಬಿಳಿ ಟೋಪಿಯ ರಾಚಪ್ಪನವರು, ಜೀಪಿನ ಹಿಂದೆ ನಾವು ಮಕ್ಕಳು. ಈ ಮೆರವಣಿಗೆ ಶಾಲೆಯ ಅಂಗಳ ಮುಟ್ಟಿದ ಮೇಲೆ ಬಾವುಟ ಏರುತ್ತಿತ್ತು, ಪೆಪ್ಪರಮಿಂಟು ಹಂಚುತ್ತಿದ್ದರು. ಕೊನೆಗೆ ರಾಚಪ್ಪನವರ ಭಾಷಣ.

ಆ ಭಾಷಣ ಊರಿಗೆಲ್ಲ ಬಾಯಿಪಾಠ. ಚಲೇಜಾವ್ ಚಳವಳಿಯ ಹೊತ್ತಿನಲ್ಲಿ ಪೊಲೀಸ್ ಫೌಜದಾರ ಬೆನ್ನು ಹತ್ತಿದಾಗ ಅವರು ನಮ್ಮೂರಿನ ಒಂದು ಹಗೇವಿನಲ್ಲಿ ಅಡಗಿದ್ದರಂತೆ. ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ನಾನು ಒಂದನೆಯ ತರಗತಿಯಲ್ಲಿದ್ದಾಗ ಅವರು ಅದರಲ್ಲಿ ಮೂರು ದಿನ ಇದ್ದರು. ಎರಡನೆಯದಕ್ಕೆ ಬಂದಾಗ ಐದು ದಿನ. ಮೂರನೆಯದಕ್ಕೆ ಬಂದಾಗ ಹಗೇವಿಗೆ ಒಂದು ಹಾವು ಬಂತು. ನಾಲ್ಕನೆಯದರ ಹೊತ್ತಿಗೆ ಆ ಹಾವು ಹೆಡೆ ಬಿಚ್ಚಿ ಅವರೆದುರು ಕೂತು, ಇವರು ದೇಶಭಕ್ತರೆಂದು ತಿಳಿದುಕೊಂಡು, ಬಂದ ದಾರಿ ಹಿಡಿದಿತ್ತು.

ಹೆಂಗಸರಿಗೆ ಅಂಗಳದ ಬೇವಿನ ಮರದ ಕೆಳಗೆ ಜಮಖಾನೆ ಕಟ್ಟಿ ಮರೆ ಮಾಡಿರುತ್ತಿದ್ದರು. ಹಾವಿನ ಮಾತು ಬಂದಾಗಲೆಲ್ಲ ಆ ಮರೆಯೊಳಗೆ ಬಳೆಗಳ ಸದ್ದು, ಕೆಮ್ಮಿನ ಸದ್ದು, ಬಾಯಿಗೆ ಸೆರಗು ತುರುಕಿಕೊಂಡ ನಗೆಯ ಸದ್ದು ಏಳುತ್ತಿತ್ತು. ನನ್ನ ದಾದಿಮಾ, ಅಂದರೆ ಅಬ್ಬಾನ ತಾಯಿ ಖಾಸಿಂಬಿ, ಒಂದು ಸಲ ನಾಲ್ಕು ಮಂದಿಗೆ ಕೇಳುವಂತೆ ಹೇಳಿದಳು: "ಹಾವ ಶಾಣ್ಯಾ ಇತ್ತು ಬಿಡ. ಹಗೇವಿನ್ಯಾಗ ಯಾರೂ ಇಲ್ಲಂತ ತಿಳದ ಹೋಗಿರಬೇಕು."

ಹೆಂಗಸರೇಕೆ ನಗುತ್ತಾರೆಂದು ನನಗೆ ತಿಳಿಯುತ್ತಿರಲಿಲ್ಲ. ತಿಳಿದದ್ದು ಶಾಲೆ ಬಿಡಿಸಿದ ವರ್ಷ.

ನಮ್ಮದು ಬಳೆಗಾರರ ಮನೆ. ಅಬ್ಬಾ ಸೊಲ್ಲಾಪುರದಿಂದ ಮಾಲು ತರುತ್ತಿದ್ದ. ದಾದಿಮಾ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಕನ್ನೊಳ್ಳಿ, ಹೂವಿನ ಹಿಪ್ಪರಗಿ, ನಡುವಿನ ಸಣ್ಣ ಪುಟ್ಟ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದಳು. ಮನೆಯ ತುಂಬ ಬಳೆ ಕಟ್ಟಿ ಬಂದ ಒಣಹುಲ್ಲಿನ ವಾಸನೆ. ಅದರೊಳಗೆ ನನಗೆ ಪ್ರಿಯವಾದದ್ದು ಒಂದೇ, ಶಾಲೆ. ಮುದ್ದೇಬಿಹಾಳ ಕಡೆಯಿಂದ ಬಂದ ನಮ್ಮ ಅಕ್ಕೋರು ಉಗುರು ನೋಡದೆ ಪಾಠ ಶುರು ಮಾಡುತ್ತಿರಲಿಲ್ಲ. ಏಳಬೇಕು, ಹಲ್ಲುಜ್ಜಬೇಕು, ರೊಟ್ಟಿ ತಿನ್ನಬೇಕು, ಪಾಟಿ ಒರೆಸಬೇಕು, ಗಂಟೆಗೆ ಮೊದಲೇ ಸಾಲಿನಲ್ಲಿ ನಿಲ್ಲಬೇಕು. ಬೇರೆ ಹುಡುಗಿಯರು ಈ ಶಿಸ್ತಿಗೆ ಅಳುತ್ತಿದ್ದರು. ನನಗೆ ಅದರಿಂದಲೇ ಹೊಟ್ಟೆ ತುಂಬುತ್ತಿತ್ತು. ನಾನು ಗಜಗ ಆಡುವಾಗಲೂ ಕಾಯಿಗಳನ್ನು ಸಾಲಾಗಿ ಜೋಡಿಸಿ, ಎಣಿಸಿ, ಆಮೇಲೆ ಆಡುತ್ತಿದ್ದೆ. ಗೆಳತಿಯರು ಅಷ್ಟರಲ್ಲಿ ಎದ್ದು ಹೋಗಿರುತ್ತಿದ್ದರು.

ಹೆಣ್ಣುಮಕ್ಕಳ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಐದನೆಯದಕ್ಕೆ ಊರ ಆಚೆ ಬದಿಯ ಗಂಡುಮಕ್ಕಳ ಶಾಲೆಗೆ ಹೋಗಬೇಕು. ಅಬ್ಬಾ ಬೇಡವೆಂದ.

"ಸರಕಾರಾನ ನಾಕನೇತ್ತೆಗೆ ಸಾಲಿ ಮುಗಸೈತಿ," ಎಂದ. "ಹೆಣ್ಣಮಕ್ಕಳಿಗೆ ಎಷ್ಟ ಸಾಕು ಅಂಬೂದು ಸರಕಾರಕ್ಕ ಗೊತ್ತಿಲ್ಲೇನ?"

"ಅದ ಸರಕಾರ ಆಚೆ ಕಡೆ ಏಳನೇತ್ತೆ ಮಟಾ ಇಟ್ಟೈತಲ್ಲ," ಎಂದಳು ದಾದಿಮಾ.

"ಅದು ಗಂಡಹುಡುಗರಿಗೆ ಬೇ."

"ಗ್ವಾಡಿ ಮ್ಯಾಲ ಹಂಗಂತ ಬರದಾರೇನ? ಬರದಿದ್ರೂ ನೀ ಹ್ಯಾಂಗ ಓದತಿ? ನಿಂದೂ ಎರಡನೇತ್ತೆಗೆ ಮುಗದೈತಿ."

ಅಬ್ಬಾ ಚಪ್ಪಲಿ ಮೆಟ್ಟಿಕೊಂಡು ಚಹಾದ ಅಂಗಡಿಗೆ ಹೋದ. ವಾದದಲ್ಲಿ ಸೋತಾಗಲೆಲ್ಲ ಅವನು ಅಲ್ಲಿಗೆ ಹೋಗುತ್ತಿದ್ದ. ಆದರೆ ಸೋತರೂ ನಿರ್ಧಾರ ಅವನದೇ. ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಹೊಡೆಯಿತು. ನಾನು ಮನೆಯಲ್ಲಿ ಕೂತು ಬಳೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಿದ್ದೆ. ಗಂಟೆ ಕೇಳಿದಾಗಲೆಲ್ಲ ಕೈ ತಾನೇ ಪಾಟಿ ಹುಡುಕುತ್ತಿತ್ತು. ಅಮ್ಮಿ, ನನ್ನ ತಾಯಿ, ಏನೂ ಹೇಳುತ್ತಿರಲಿಲ್ಲ. ಅವಳು ಮಾತು ಕಡಿಮೆಯ ಹೆಂಗಸು. ಸೊಂಟಕ್ಕೆ ಕೈ ಕೊಟ್ಟುಕೊಂಡು ಏಳುತ್ತಿದ್ದಳು, ಹಾಗೆಯೇ ಕೂರುತ್ತಿದ್ದಳು.

ಅಂಥ ಒಂದು ಮಳೆಯ ಮಧ್ಯಾಹ್ನ ಅಮ್ಮಿ ನಡು ಹಿಡಿದುಕೊಂಡು ನರಳಿದಾಗ ದಾದಿಮಾ ನಿಟ್ಟುಸಿರುಬಿಟ್ಟು, "ನಿನ್ನ ಬಾಣಂತನ ಆ ರಾಚಪ್ಪ ತಿಂದ ಬಿಟ್ಟ ನೋಡವಾ," ಎಂದಳು. ನಾನು ಬಳೆ ಬಿಟ್ಟು ಅವಳತ್ತ ತಿರುಗಿ ಕೂತೆ. ಆ ದಿನ ದಾದಿಮಾ ಬಾಗಿಲು ಮುಂದಕ್ಕೆ ದೂಡಿ ಎಲ್ಲ ಹೇಳಿದಳು.

ಚಳವಳಿಯ ಕಾಲದಲ್ಲಿ ಸರಕಾರದ ವಿರುದ್ಧದ ಗುಪ್ತ ಪತ್ರಿಕೆಗಳು ಹಳ್ಳಿಗಳಿಗೆ ಮುಟ್ಟುತ್ತಿದ್ದದ್ದು ಬಳೆಯ ಮಲಾರದಲ್ಲಿ. ಒಂದೊಂದು ಡಜನ್ ಬಳೆಗೆ ಸುತ್ತಿದ ಕಾಗದವೇ ಪತ್ರಿಕೆ. ದಾದಿಮಾ, ಅವಳ ತಂಗಿ, ನಮ್ಮ ಓಣಿಯ ಇನ್ನಷ್ಟು ಬಳೆಗಾರ ಹೆಂಗಸರು ಒಂದೊಂದು ದಿಕ್ಕಿಗೆ ಹೊರಡುತ್ತಿದ್ದರು. ಹಾದಿಯಲ್ಲಿ ಪೊಲೀಸರು ತಡೆದರೆ ದಾದಿಮಾ ಮಲಾರವನ್ನೇ ಅವರ ಮುಂದೆ ಚಾಚುತ್ತಿದ್ದಳಂತೆ. "ನೋಡ್ರಿ ಸಾಹೇಬ್ರ, ಒಂದ ಬಳಿ ಒಡದ್ರೂ ಮುತ್ತೈದೇರ ಶಾಪ ನಿಮ್ಮ ಮನೀಗೆ ತಟ್ಟತೈತಿ, ನನಗ ಗೊತ್ತಿಲ್ಲ ಮತ್ತ." ಲಾಠಿ ಹಿಡಿದ ಕೈ ಬಳೆಯನ್ನು ಮುಟ್ಟಲು ಹೆದರುತ್ತಿತ್ತು. ಇನ್ನು ಮನೆಗಳ ಒಳಗೆ, ಬಳೆ ಇಡುವ ನೆಪದಲ್ಲಿ ಗೌಡತಿಯ ಕೈ ಹಿಡಿದುಕೊಂಡು, ಬೆರಳ ಗೆಣ್ಣು ಒತ್ತುತ್ತ, ಯಾರನ್ನು ಹಿಡಿದರು, ಯಾರು ತಪ್ಪಿಸಿಕೊಂಡರು ಎಂದೆಲ್ಲ ಹೇಳಿ ಬರುತ್ತಿದ್ದಳು.

ಆ ಪತ್ರಿಕೆ ತಂದು ಕೊಡುತ್ತಿದ್ದವನು ಹರೆಯದ ರಾಚಪ್ಪ. ಆಗ ಅವನು ಸೀಮೆಜಾಲಿಯ ಕಟ್ಟಿಗೆಯ ಹಾಗೆ ಸಣಕಲ. ಒಂದು ದಿನ ಅವನು ಓಡಿ ಬಂದು ನಮ್ಮ ಹಿತ್ತಿಲಿಗೆ ಹಾರಿದ. ಹಿಂದೆಯೇ ಫೌಜದಾರ. ಆ ದಿನ ಅಬ್ಬಾ ಸೊಲ್ಲಾಪುರಕ್ಕೆ ಹೋಗಿದ್ದ. ಒಳಗೆ ಅಮ್ಮಿ, ನನ್ನನ್ನು ಹೆತ್ತು ಇನ್ನೂ ವಾರವೂ ತುಂಬಿರಲಿಲ್ಲ. ನಮ್ಮಲ್ಲಿ ನಲವತ್ತು ದಿನ ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವುದಿಲ್ಲ, ಗಂಡನೂ ಸಹ. ದಾದಿಮಾ ಅಮ್ಮಿಯನ್ನು ಎಬ್ಬಿಸಿ ಹಿಂದಿನ ಕಾಳಿನ ಕೋಣೆಗೆ ಕಳಿಸಿದಳು. ರಾಚಪ್ಪನನ್ನು ಹೊರಸಿನ ಮೇಲೆ ಕೆಡವಿ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿ, ಮೂಗಿನವರೆಗೆ ಕೌದಿ ಎಳೆದು, ಪಕ್ಕದಲ್ಲಿ ನನ್ನನ್ನು ಮಲಗಿಸಿದಳು. ಸೂಲಗಿತ್ತಿ ಮಾಬೂಬಿ ಹೊರಸಿನ ಕೆಳಗೆ ಕೆಂಡದ ಕುಂಪಟಿಯಿಟ್ಟು ಲೋಬಾನ ಹಾಕಿದಳು. ಕೋಣೆಯೆಲ್ಲ ಹೊಗೆ.

ಫೌಜದಾರ ಮರ್ಯಾದಸ್ಥ. ಹೊಸ್ತಿಲಲ್ಲೇ ನಿಂತು, "ಒಳಗ ಯಾರದಾರ?" ಎಂದ.

"ಬಾಣಂತಿ ಅದಾಳ್ರಿ," ಎಂದಳು ದಾದಿಮಾ.

"ಬಾಣಂತಿ ಯಾಕ ಅಷ್ಟ ಉದ್ದ ಅದಾಳ?"

"ಅವ್ರ ತವರಮನಿ ಮಂದೀನ ಉದ್ದ್ರಿ," ಎಂದಳು ಮಾಬೂಬಿ. "ಕೂಸನ್ನೂ ನೋಡ್ರಿ ಬೇಕಾದ್ರ."

ಫೌಜದಾರ ಹಿಂದೆ ಸರಿದ, ಆದರೆ ಸಂಶಯ ಹೋಗಲಿಲ್ಲ. ನಮ್ಮ ಕಟ್ಟೆಯ ಮೇಲೆಯೇ ಪೊಲೀಸರನ್ನು ಕೂರಿಸಿ ಹೋದ. ತೊಂದರೆ ಶುರುವಾದದ್ದು ಇಲ್ಲಿಂದ. ಬಾಣಂತಿ ಇರುವ ಮನೆಯೆಂದ ಮೇಲೆ ಹೊತ್ತುಹೊತ್ತಿಗೆ ಎಣ್ಣೆ, ನೀರು, ಹೊಗೆ, ಊಟ ಒಳಗೆ ಹೋಗಬೇಕು. ಕಟ್ಟೆಯ ಮೇಲಿನ ಪೊಲೀಸರೂ ಮಕ್ಕಳೊಂದಿಗರೇ, ಏನಾದರೂ ತಪ್ಪಿದರೆ ಅವರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಎಲ್ಲವೂ ಒಳಗೆ ಹೋಯಿತು. ರಾಚಪ್ಪ ದಿನಾ ಅಂಟಿನುಂಡಿ ತಿಂದ, ಅಳ್ವಿಯ ಪಾಯಸ ಕುಡಿದ, ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ತುಪ್ಪ ತಿಂದ. ಮಾಬೂಬಿ ಅವನ ಹೊಟ್ಟೆಗೆ ಬಟ್ಟೆ ಬಿಗಿದಳು. "ಅದ್ಯಾಕ ಕಟ್ಟತಿ?" ಎಂದು ಅವನು ಕೇಳಿದ್ದಕ್ಕೆ, "ನನಗ ರೂಢಿ ಐತ್ರಿ, ಸುಮ್ಮ ಮಲಗ್ರಿ," ಎಂದಳಂತೆ. ಅತ್ತ ಕತ್ತಲ ಕೋಣೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತ ಅಮ್ಮಿಗೆ ಸಿಗುತ್ತಿದ್ದದ್ದು ರೊಟ್ಟಿ, ಶೇಂಗಾ ಹಿಂಡಿ. ಹಾಲು ಕುಡಿಸಲು ನನ್ನನ್ನು ಅವಳ ಬಳಿ ಒಯ್ಯುವುದು, ಮರಳಿ ತಂದು ರಾಚಪ್ಪನ ಮಗ್ಗುಲಿಗೆ ಹಾಕುವುದು. ಇದು ದಾದಿಮಾನ ಕೆಲಸ.

"ಅಬ್ಬಾ ಬಂದ ಮ್ಯಾಲೂ ಹೇಳಲಿಲ್ಲೇನ?" ಎಂದೆ.

"ನಿಮ್ಮಪ್ಪಗ? ಅವನ ಹೊಟ್ಟ್ಯಾಗ ಮಾತ ನಿಲ್ಲತೈತೇನ? ಚಾದಂಗಡ್ಯಾಗ ಒಂದ ಗುಟುಕು ಕುಡಿಯೂದ್ರಾಗ ಇಡೀ ಸಿಂದಗಿ ಪ್ಯಾಟಿಗೆ ಮುಟ್ಟತಿತ್ತು. ದಿನಾ ಸಂಜಿಗೆ ಪರದೆ ಹೊರಗ ಬಂದು ನಿಂತ ಏನೇನೋ ಮಾತಾಡಿ ಹೋಗಾಂವ. ನಾ ಬಾಗಲಾ ಕಾಯಾಕಿ, ಏನಂತಿದ್ದ ಅಂಬೂದು ನನಗೂ ಕೇಳಿಲ್ಲ."

ಕೊನೆಗೆ, ಕೆಲವು ವಾರಗಳ ಮೇಲೆ, ರಾಚಪ್ಪ ಹೊರಬಿದ್ದದ್ದು ಹಗಲಿನಲ್ಲೇ. ಬುರ್ಖಾ ತೊಡಿಸಿ, ಬಳೆಗಾರ ಹೆಂಗಸರ ನಡುವೆ ಗಾಡಿಯಲ್ಲಿ ಕೂರಿಸಿ ಊರು ದಾಟಿಸಿದರು. ಮುಂದೆ ಒಂದು ತಪಾಸಣೆಯ ನಾಕೆಯಲ್ಲಿ, ಬುರ್ಖಾ ತೆಗೆದ ಮೇಲೆ, ಪೊಲೀಸರು ಹಿಡಿದರೂ ಬಿಟ್ಟುಕಳಿಸಿದರಂತೆ. ಅವರ ಹತ್ತಿರ ಇದ್ದ ವರ್ಣನೆ ಸಣಕಲ ಮನುಷ್ಯನದು. ಎದುರಿಗೆ ನಿಂತಿದ್ದವನಿಗೆ ಕೆನ್ನೆ ತುಂಬಿ ಗದ್ದ ಎರಡಾಗಿತ್ತು.

"ಇದು ಗಂಡಸರ ಕಿವೀಗೆ ಬೀಳಬಾರದು," ಎಂದಳು ದಾದಿಮಾ. "ಸೊಸಿ ಹೊರಸಿನ ಮ್ಯಾಲ ಪರಗಂಡಸನ್ನ ಮಲಗಿಸಿದ್ದೆ ಅಂದ್ರ ನಿಮ್ಮಪ್ಪ ಊರಾಗ ಮಾರಿ ಹ್ಯಾಂಗ ತೋರಸಬೇಕು? ರಾಚಪ್ಪಗೂ ಅಷ್ಟ, ಹೇಳಾಕ ನಾಚಿಕಿ. ಅದಕ್ಕ ಪಾಪ, ಹಗೇವು."

ಆ ವರ್ಷ ಆಗಸ್ಟ್ ಹತ್ತಿರ ಬಂದಂತೆ ದಾದಿಮಾ ಒಂದು ಉಪಾಯ ಮಾಡಿದಳು. ರಾಚಪ್ಪನವರ ಮಾತೆಂದರೆ ಅಬ್ಬಾನಿಗೆ ಬಹಳ ಗೌರವ. ಹುಡುಗಿಯನ್ನು ಶಾಲೆಗೆ ಕಳಿಸೆಂದು ಅವರೇ ಒಂದು ಮಾತು ಹೇಳಿದರೆ ಆದೀತು. ಆದರೆ ಅವರೀಗ ದೊಡ್ಡವರು, ಸುತ್ತ ಮಂದಿ, ಮಾತನಾಡಿಸುವುದು ಹೇಗೆ? ಹಿಂದಿನ ದಿನ ನಮ್ಮ ಮನೆಯಲ್ಲಿ ಅಂಟು ಹುರಿಯುವ, ತುಪ್ಪ ಕಾಯುವ ವಾಸನೆ ತುಂಬಿತು. ಓಣಿಯ ಹೆಂಗಸರು ಬಂದು, "ಯಾರ ಹಡದಾರ ಬೇ?" ಎಂದು ವಿಚಾರಿಸಿದರು. "ಹಡದ ಭಾಳ ದಿನಾ ಆತು," ಎಂದಳು ದಾದಿಮಾ.

ಹದಿನೈದರಂದು ಜೀಪು ಹೂತಿತು, ಎತ್ತು ಎಳೆದವು, ಬಾವುಟ ಏರಿತು. ಭಾಷಣ ಹಗೇವಿಗೆ ಬಂತು. ಆ ವರ್ಷ ಹಾವುಗಳು ಎರಡಾಗಿದ್ದವು. ಎರಡನೆಯ ಹಾವು ಒಳಗೆ ಬರುವಷ್ಟರಲ್ಲಿ ದಾದಿಮಾ ಜಮಖಾನೆಯ ಮರೆಯಿಂದ ನನ್ನನ್ನು ಹೊರಗೆ ದೂಡಿದಳು. ನಾನು ಅಂಟಿನುಂಡಿಯ ತಾಟು ಹಿಡಿದು ವೇದಿಕೆ ಹತ್ತಿದೆ. ಅಕ್ಕೋರು ಕಣ್ಣು ಬಿಟ್ಟರು. ನಾನು ಸಾಲು ಬಿಟ್ಟು ನಡೆದದ್ದು ಅದೇ ಮೊದಲು.

ರಾಚಪ್ಪನವರು ತಾಟಿನಲ್ಲಿ ನೋಡಿದರು. ಒಂದು ಉಂಡಿ ಎತ್ತಿಕೊಂಡರು, ಮೂಸಿದರು. ಹಾವು ಅರ್ಧದಲ್ಲಿ ನಿಂತಿತು.

"ಯಾರವಾ ನೀ?"

"ಜೈತುನ ರೀ. ದಾದಿಮಾ ಕೊಟ್ಟ ಕಳಸ್ಯಾಳ. ಹಗೇವಿನ್ಯಾಗ ಕುಂತ ನಡಾ ಹಿಡದಿರತೈತಿ, ತಿನ್ರಿ ಅಂದಾಳ."

ಮರೆಯೊಳಗೆ ಬಳೆಗಳು ಸದ್ದು ಮಾಡಿದವು. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನೀ ಆ ಕೂಸೇನು," ಎಂದರು, ನನಗಷ್ಟೇ ಕೇಳುವಂತೆ. ಆಮೇಲೆ ದೊಡ್ಡ ದನಿಯಲ್ಲಿ, "ಎಷ್ಟನೇತ್ತೆ?"

"ಎಷ್ಟನೇದೂ ಇಲ್ರಿ. ಮನ್ಯಾಗ ಅದೇನಿ. ನನಗ ಸಾಲಿಗೆ ಹೋಗಬೇಕ್ರಿ."

ರಾಚಪ್ಪನವರು ಅಬ್ಬಾನನ್ನು ಹತ್ತಿರ ಕರೆದರು. ಅಬ್ಬಾ ಟೋಪಿ ಸರಿಮಾಡಿಕೊಂಡು ಬಂದು ನಿಂತ.

"ಯಾಕೋ ಇಮಾಮಸಾಬ, ಮಗಳಿಗೆ ಯಾಕ ಸಾಲಿ ಬಿಡಿಸಿದಿ?"

"ಹೆಣ್ಣ ಹುಡುಗಿ ಅಲ್ರೀ. ನಾಕ ಆಗೇತಿ, ಸಾಕ್ರಿ."

"ಇಲ್ಲಪಾ, ಕಲಸಬೇಕು. ಸ್ವತಂತ್ರ ಬಂದ ಮ್ಯಾಲ..."

"ನಿಮ್ಮ ಮಾತು ಖರೇನ್ರಿ," ಎಂದ ಅಬ್ಬಾ, ಕೈ ಮುಗಿದು. "ದೇಶಕ್ಕ ಖರೆ. ನಮ್ಮ ಮನಿ ಮಾತ ಬ್ಯಾರೆ. ಮುಂದ ಕಲಸ್ತೇನಿ ಅಂತ ನಾ ಯಾರ ಮುಂದನೂ ಮಾತ ಕೊಟ್ಟಿಲ್ರಿ."

ರಾಚಪ್ಪನವರು ಉಂಡಿಯನ್ನು ಕೈಯಲ್ಲಿ ತಿರುಗಿಸುತ್ತ ಮಂದಿಯ ಕಡೆ ನೋಡಿದರು, ಬಾವುಟದ ಕಡೆ ನೋಡಿದರು, ಜಮಖಾನೆಯ ಕಡೆ ನೋಡಿದರು.

"ಕೊಟ್ಟೀಯೋ," ಎಂದರು.

"ಯಾರ ಮುಂದ್ರಿ?"

"ನನ್ನ ಮುಂದ."

"ಯಾವಾಗ್ರಿ?"

"ನಾ ನಿಮ್ಮ ಮನ್ಯಾಗ ಬಾಣಂತಿ ಆಗಿದ್ನಲ್ಲಪಾ, ಆಗ."

ಅಬ್ಬಾ ಬಾಯಿ ತೆರೆದವನು ಮುಚ್ಚಲಿಲ್ಲ. ರಾಚಪ್ಪನವರು ಇನ್ನು ಮುಚ್ಚಿಡುವುದೇನಿದೆ ಎಂಬಂತೆ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟು, ಹೊರಸು, ಕುಂಪಟಿ, ಹೊಟ್ಟೆಯ ಕಟ್ಟು, ಎಲ್ಲವನ್ನೂ ಹೇಳಿಬಿಟ್ಟರು. ಹೊರಸಿನ ಮೇಲಿದ್ದವನು ನಾನೊಬ್ಬನೇ, ಆ ತಾಯಿ ಹಿಂದಿನ ಕೋಣೆಯಲ್ಲಿದ್ದರು, ಆಕೆಯ ಮುಖ ನಾನು ಇವತ್ತಿಗೂ ನೋಡಿಲ್ಲ ಎಂಬುದನ್ನು ಎರಡೆರಡು ಸಲ ಹೇಳಿದರು. ಆಮೇಲೆ ಅಬ್ಬಾನ ಕಡೆ ತಿರುಗಿದರು.

"ಪರದೆ ಹೊರಗ ನಿಂತ ಅಂದಿ. ‘ಹೆಣ್ಣ ಆತಂತ ಮನಸ್ಸ ಸಣ್ಣ ಮಾಡಕೋಬ್ಯಾಡ. ನನಗ ಓದಾಕ ಬರಂಗಿಲ್ಲಂತ ಸೊಲ್ಲಾಪುರದಾಗ ಎಲ್ಲಾರೂ ಮೋಸಾ ಮಾಡತಾರ. ಇಕೀನ ಎಲ್ಲೀಮಟಾ ಸಾಲಿ ಐತಿ ಅಲ್ಲೀಮಟಾ ಕಲಸೂಣು. ಆಗೂದಿಲ್ಲೇನ?’ ಅಂದಿ. ನಾ ಒಳಗಿಂದ ಸಣ್ಣ ದನೀಲೆ ಹೂಂ ಅಂದೆ. ‘ನೆಗಡಿ ಆಗೇತೇನ?’ ಅಂತ ಕೇಳಿದಿ. ಅದಕ್ಕೂ ಹೂಂ ಅಂದೆ. ಮರದಿನಾ ಮಲ್ಲಿಗಿ ಮಾಲಿ, ಜಿಲೇಬಿ ತಂದ ಪರದೆ ಕೆಳಗ ಸರಿಸಿದಿ. ಜಿಲೇಬಿ ನಾನ ತಿಂದೇನಿ. ಹೇಳು, ಇದು ಖರೇನೋ ಸುಳ್ಳೋ?"

ಮಂದಿ ನೆಲಕ್ಕೆ ಬಿದ್ದು ನಗುತ್ತಿದ್ದರು. ಅಬ್ಬಾನ ಕಿವಿ ದಾಸವಾಳದ ಹಾಗೆ ಕೆಂಪಾಗಿತ್ತು. "ಅದು ನಾ ಅಕೀಗೆ ಹೇಳಿದ್ದು," ಎಂದ, ಕೇಳಿಸಿತೋ ಇಲ್ಲವೋ ಎಂಬ ದನಿಯಲ್ಲಿ.

ಆಗ ಜಮಖಾನೆಯ ಮರೆಯಿಂದ ಒಂದು ದನಿ ಬಂತು. ದಾದಿಮಾನದು ಎಂದುಕೊಂಡೆ. ಅಲ್ಲ, ಅಮ್ಮಿಯದು. ನಾಲ್ಕು ಗಂಡಸರಿರುವ ಕಡೆ ಅವಳ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನನಗ ಹೇಳಿದ ಮಾತ ಅವ್ರು ಕೇಳ್ಯಾರ," ಎಂದಳು ಅಮ್ಮಿ. "ನನ್ನ ಉಂಡಿ ಅವ್ರು ತಿಂದಾರ. ನನ್ನ ಜಿಲೇಬೀನೂ ಅವ್ರ ತಿಂದಾರಂತ ನನಗ ಇವತ್ತ ಗೊತ್ತಾತು. ಆಗಲಿ. ಸಾಲಿ ಒಂದರ ನನ್ನ ಮಗಳಿಗೆ ಕೊಡ್ರಿ."

ಈ ಸಲ ಯಾರೂ ನಗಲಿಲ್ಲ. ಅಬ್ಬಾ ಮರೆಯ ಕಡೆಗೊಮ್ಮೆ ನೋಡಿದ. ಆಮೇಲೆ ಅಕ್ಕೋರ ಹತ್ತಿರ ಹೋಗಿ, "ಆಚೆ ಸಾಲಿ ಎಷ್ಟಕ್ಕ ಶುರು ಆಗತೈತ್ರಿ ಬಾಯಾರ?" ಎಂದು ಕೇಳಿದ.

ಮರುದಿನ ಅವನೇ ಕೊಡೆ ಹಿಡಿದುಕೊಂಡು ನನ್ನನ್ನು ಐದನೆಯ ತರಗತಿಗೆ ಬಿಟ್ಟುಬಂದ. ಗಂಟೆಗೆ ಬಹಳ ಮೊದಲೇ ಮುಟ್ಟಿದ್ದೆವು. ಗೋಡೆಯ ಪಕ್ಕದಲ್ಲಿ ನನಗೊಬ್ಬಳಿಗೇ ಒಂದು ಸಾಲು, ಅದನ್ನು ನಾನು ಬಹಳ ನೇರವಾಗಿ ಇಟ್ಟುಕೊಂಡಿದ್ದೆ. ಅಬ್ಬಾ ಮಾತ್ರ ಕೆಲವು ದಿನ ಚಹಾದ ಅಂಗಡಿಯ ಕಡೆ ಸುಳಿಯಲಿಲ್ಲ. ಸುಳಿದಾಗ, "ಬಾಣಂತಿ ನೆಗಡಿ ಕಡಿಮಿ ಆತೇನೋ ಇಮಾಮಸಾಬ?" ಎಂದು ಅಲ್ಲಿ ಕೂತವರು ಕೇಳಿದರಂತೆ. "ನೀವು ನಂಬಿದ್ದ ಹಗೇವಿನ ಹಾವ ಹ್ಯಾಂಗದಾವು?" ಎಂದು ಅವನೂ ಕೇಳಿ ಚಹಾ ಕುಡಿದು ಬಂದ. ಪರಗಂಡಸು, ಹೊರಸು ಎಂದು ದಾದಿಮಾ ಅಷ್ಟು ವರ್ಷ ಹೆದರಿದ್ದಳಲ್ಲ, ಊರು ಅದನ್ನು ಎತ್ತಿ ಆಡಲೇ ಇಲ್ಲ.

ನಾನು ಓದಿದೆ, ಟ್ರೇನಿಂಗ್ ಮುಗಿಸಿದೆ, ಇಂಡಿ, ಬಸವನ ಬಾಗೇವಾಡಿ ಕಡೆಯ ಶಾಲೆಗಳಲ್ಲಿ ಕಲಿಸಿ ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದೆ. ರಾಚಪ್ಪನವರು ನಮ್ಮೂರಿನಲ್ಲಿ ಹಗೇವಿನ ಹೆಸರೆತ್ತುವುದನ್ನು ಬಿಟ್ಟರು. ಬೇರೆ ಊರುಗಳಲ್ಲಿ ಹಾವುಗಳು ಇನ್ನೂ ಬಹಳ ವರ್ಷ ಬಂದುಹೋಗುತ್ತಿದ್ದವು. ಹೋರಾಟಗಾರರಿಗೆ ಸನ್ಮಾನ ಮಾಡುವ ಕಾಲ ಬಂದಾಗ ಅವರೇ ಮನೆಗೆ ಬಂದು, "ಖಾಸಿಂಬಿ, ನಿಮ್ಮ ಹೆಸರೂ ಬರಸ್ತೇನಿ," ಎಂದರು. "ಏನಂತ ಬರಸ್ತೀರಿ?" ಎಂದಳು ದಾದಿಮಾ. ಅವರು ಚಹಾ ಕುಡಿದು ಹೋದರು. ಹೆಸರು ಬರೆಸಲಿಲ್ಲ. ಮಲಾರ ಹೊತ್ತ ಅವಳ ತಂಗಿಯದೂ ಇಲ್ಲ, ಮಾಬೂಬಿಯದೂ ಇಲ್ಲ, ಅಮ್ಮಿಯದಂತೂ ಇಲ್ಲವೇ ಇಲ್ಲ.

ಈಗ ಊರಿಗೆ ಡಾಂಬರು ರಸ್ತೆ. ಬಾವುಟದ ದಿನ ಹೆಂಗಸರು ಮುಂದಿನ ಕುರ್ಚಿಗಳಲ್ಲೇ ಕೂರುತ್ತಾರೆ, ಅದು ಒಳ್ಳೆಯದೇ. ಆದರೆ ಭಾಷಣದಲ್ಲಿ ಸುಳ್ಳು ಬಂದಾಗ ಬಳೆ ಸದ್ದು ಮಾಡಿ ನಗುವವರು ಈಗಿಲ್ಲ, ನಿಜ ಗೊತ್ತಿದ್ದವರೆಲ್ಲ ಹೋದರು. ಕಳೆದ ಸಲ ಶಾಲೆಯ ಹುಡುಗಿಯೊಬ್ಬಳು ಬಂದು, "ಅಜ್ಜಿ, ಆ ಹೋರಾಟ ಕಣ್ಣಾರೆ ನೋಡಿದವ್ರು ಊರಾಗ ಯಾರರ ಅದಾರೇನ್ರಿ?" ಎಂದು ಕೇಳಿದಳು. ನಾನು ಕ್ರಮವಾಗಿ ಒಬ್ಬೊಬ್ಬರನ್ನೇ ನೆನೆದೆ. ಆ ಕೋಣೆಯಲ್ಲಿದ್ದವರ ಪೈಕಿ ಉಳಿದವಳು ನಾನೊಬ್ಬಳೇ. ಅಷ್ಟೆಲ್ಲ ನಡೆಯುತ್ತಿರುವಾಗ, ರಾಚಪ್ಪನವರ ಮಗ್ಗುಲಲ್ಲಿ, ನಾನು ನಿದ್ದೆ ಹೊಡೆಯುತ್ತಿದ್ದೆ.